ಪಾತಾಳದಲ್ಲಿ ಕಾಯುವವರು

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಹೊರರೋಗಿಗಳ ಹಾಲ್‌ನಲ್ಲಿ ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರು. ಎಲ್ಲರ ಕಣ್ಣೂ ಗೋಡೆಯ ಮೇಲಿದ್ದ ಕೆಂಪಕ್ಷರದ ಟೋಕನ್ ಫಲಕದ ಮೇಲಿತ್ತು. ಆ ಫಲಕ ಇದ್ದಕ್ಕಿದ್ದಂತೆ ಸಂಖ್ಯೆ ತೋರಿಸುವುದನ್ನು ಬಿಟ್ಟು ಮಾತಿಗೆ ಇಳಿಯಿತು. 'ನೆನಪು ಮುಗಿಯುತ್ತಾ ಬಂದಿದೆ. ಅಗತ್ಯವಿಲ್ಲದವರು ದಯವಿಟ್ಟು ಈಗಲೇ ಹೊರಡಿ. ಇಂತಿ, ಪಾತಾಳ.'

ಮಂಡಿನೋವಿನ ಹಿರಿಯರೊಬ್ಬರು, ತಮ್ಮನ್ನು ಮನೆಯಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ, ಈಗ ಗೋಡೆಯೂ ಅನ್ನತೊಡಗಿತು ಎಂದು ಗೊಣಗುತ್ತ ಊರುಗೋಲು ಹಿಡಿದು ಎದ್ದರು. ಎದೆಯ ತಪಾಸಣೆಗೆ ಬಂದಿದ್ದ ಹೆಂಗಸೊಬ್ಬಳು ನರ್ಸಿನ ತೋಳು ಹಿಡಿದು, ಪಾತಾಳದಿಂದ ಬಂದ ಈ ಕರೆ ಯಾವ ಟೋಕನ್ನಿನವರಿಗೆ ಎಂದು ಮೆಲ್ಲಗೆ ವಿಚಾರಿಸಿದಳು. ಪ್ರಾಯದವರು ಮೊಬೈಲು ತೆಗೆದು ಫೋಟೋ ಹೊಡೆದುಕೊಂಡರು. ಐದು ನಿಮಿಷ ಕಳೆಯುವಷ್ಟರಲ್ಲಿ ಫಲಕ ಅದನ್ನೇ ಮತ್ತೊಮ್ಮೆ ಹೇಳಿತು. ಈ ಸಲ ಅರ್ಧ ಹಾಲ್ ಖಾಲಿಯಾಯಿತು.

ಪಾತಾಳ ಎಂದರೆ ಒಬ್ಬ ಮನುಷ್ಯ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಗೆದ ಚಾದರಗಳ ಉಗ್ರಾಣಕ್ಕೂ ನೀರಿನ ಪಂಪಿಗೂ ನಡುವೆ ಇರುವ ಮೆಷಿನ್ ಕೋಣೆಯ ಉಸ್ತುವಾರಿ ಅವರದು. ಕಿಟಕಿಯಿಲ್ಲದ ಕೋಣೆ, ಸದಾ ಗುಂಯ್‌ಗುಡುವ ತಂಪು ಗಾಳಿ, ಮೇಲುಗಡೆ ಸುಡುಬಿಸಿಲಿದ್ದರೂ ಮೈಮೇಲೊಂದು ಸ್ವೆಟರ್. ಮೇಲಿನ ಮಹಡಿಗಳಲ್ಲಿ ಏನೇ ಕೆಟ್ಟರೂ 'ಪಾತಾಳಕ್ಕೆ ಫೋನ್ ಮಾಡಿ' ಎನ್ನುವುದು ವಾಡಿಕೆಯಾಗಿ, ಕ್ರಮೇಣ ಅವರ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಕೋಣೆಯ ಮಧ್ಯದಲ್ಲಿ ಬೀರುವಿನಷ್ಟು ದೊಡ್ಡ ಹಳೆಯ ಕಂಪ್ಯೂಟರೊಂದಿತ್ತು, ಯೂನಿಕ್ಸ್ ಎಂಬ ಹಳೇ ಕಾಲದ ವ್ಯವಸ್ಥೆಯಲ್ಲಿ ಓಡುವ ಮೆಷಿನ್. ಟೋಕನ್ ಕೊಡುವುದು, ಔಷಧಿ ಎಣಿಸುವುದು, ಲ್ಯಾಬಿನ ಫಲಿತಾಂಶ ಮೇಲೆ ಕಳಿಸುವುದು ಎಲ್ಲ ಅದರದ್ದೇ ಕೆಲಸ. ವರ್ಷಗಟ್ಟಲೆ ಒಂದು ದಿನವೂ ರಜೆ ಹಾಕದ ಮೆಷಿನ್ ಅದು. ಆ ವಿಷಯದಲ್ಲಿ ಅದಕ್ಕೂ ಪಾತಾಳಕ್ಕೂ ಪೈಪೋಟಿಯಿತ್ತು.

ಇತ್ತೀಚೆಗೆ ಅದು ಬೆಳಗಿನ ಹೊತ್ತು ಏದುಸಿರು ಬಿಡುತ್ತಿತ್ತು. ಒಂದು ಟೋಕನ್ ಕೊಡಲು ಯುಗ ಹಿಡಿಯುತ್ತಿತ್ತು. ಮೆಮೊರಿ ಸಾಲದೆ ಹೀಗಾಗುತ್ತಿರಬಹುದು ಎಂದು ಪಾತಾಳಕ್ಕೆ ಅನಿಸಿ, ಭಾನುವಾರವೆಲ್ಲ ಕೂತು ಒಂದು ಕಾವಲು ವ್ಯವಸ್ಥೆ ಮಾಡಿದ್ದರು. ಮೆಮೊರಿ ಎಷ್ಟು ಖಾಲಿಯಿದೆ ಎಂದು ಹೇಳಲು ಯೂನಿಕ್ಸಿನಲ್ಲಿ 'ಫ್ರೀ' ಎಂಬ ಸಲಕರಣೆಯಿದೆ. ಅದು ಆಗಾಗ ನೋಡಿ, ಖಾಲಿ ಜಾಗ ಕಡಿಮೆಯಾದರೆ ಎಲ್ಲ ಪರದೆಗಳಿಗೂ ಒಂದು ಎಚ್ಚರಿಕೆ ಕಳಿಸಲಿ ಎಂಬುದು ಏರ್ಪಾಡು. ಮೆಷಿನ್ ಬಳಸುವ ಸಿಬ್ಬಂದಿಗೆಂದು, ಮೆಮೊರಿಗೆ 'ನೆನಪು' ಎಂದು ಹಾಕಿ, ಎಚ್ಚರಿಕೆಯ ಮಾತನ್ನು ಅವರೇ ಅಚ್ಚಗನ್ನಡದಲ್ಲಿ ಬರೆದಿದ್ದರು. ಟೋಕನ್ ಫಲಕವೂ ಮೆಷಿನ್ನಿನ ಲೆಕ್ಕದಲ್ಲಿ ಒಂದು ಪರದೆಯೇ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಫ್ರೀ ಎಂದು ಕರೆದದ್ದಕ್ಕೆ ಫಜೀತಿ ಫ್ರೀಯಾಗಿಯೇ ಬಂತು.

ಆಡಳಿತಾಧಿಕಾರಿಯ ಕೋಣೆಗೆ ಕರೆ ಬಂತು. ಮೇಡಂ ಕೂಗಾಡುವವರಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಎದುರಿಗಿದ್ದವರು ತಾವಾಗಿಯೇ ಕೈಕಟ್ಟಿ ನಿಲ್ಲುತ್ತಿದ್ದರು.

"ಸರ್, ರೋಗಿಗಳನ್ನ ಓಡಿಸೋ ಕೆಲಸ ನಮ್ಮ ಬಿಲ್ಲಿಂಗ್ ವಿಭಾಗದವರು ಚೆನ್ನಾಗೇ ಮಾಡ್ತಿದಾರೆ" ಎಂದರು. "ನೀವು ಯಾಕೆ ಸುಮ್ನೆ ಶ್ರಮ ತಗೋತೀರಿ?"

ಪಾತಾಳದ ಮುಖ ಹುಳ್ಳಗಾಯಿತು. ಮೇಡಂ ವಿಷಯಕ್ಕೆ ಬಂದರು. ಮೆಮೊರಿಯನ್ನು ಯಾರು ತಿನ್ನುತ್ತಿದ್ದಾರೆಂದು ಶನಿವಾರದೊಳಗೆ ಪತ್ತೆ ಮಾಡಬೇಕು. ಆಗದಿದ್ದರೆ ಭಾನುವಾರ ಮೆಷಿನ್ ಒಮ್ಮೆ ಆರಿಸಿ ಹೊತ್ತಿಸಿಬಿಡುವುದು. ಮಾರಿದ ಕಂಪನಿಯವರೂ ಅದನ್ನೇ ಹೇಳುತ್ತಿದ್ದಾರೆ. ಆರಿಸಿ ಹೊತ್ತಿಸಿದರೆ ಎಲ್ಲವೂ ಹೊಸದಾಗಿ ಶುರುವಾಗುತ್ತದಲ್ಲ, ಅದಕ್ಕೇನು ತೊಂದರೆ ಎಂದು ಕೇಳಿದರು.

ಪಾತಾಳ ಹಲವು ತೊಂದರೆಗಳನ್ನು ಹೇಳಿದರು. ಹಳೆಯ ಮೆಷಿನ್, ಮತ್ತೆ ಏಳದಿದ್ದರೆ? ಲ್ಯಾಬಿನ ಫಲಿತಾಂಶಗಳು ಮಧ್ಯದಲ್ಲಿ ಸಿಕ್ಕಿಕೊಂಡರೆ? ಎಲ್ಲವೂ ನಿಜವೇ. ಆದರೆ ನಿಜವಾದ ತೊಂದರೆ ಒಂದೇ ಒಂದು ಸಾಲಿನಷ್ಟಿತ್ತು. ಅದನ್ನು ಅವರು ಹೇಳಲಿಲ್ಲ.

ಯಾರ್ಯಾರು ಒಳಗೆ ಬಂದಿದ್ದಾರೆ ಎಂದು ಕೇಳಿದರೆ ಮೆಷಿನ್ ಒಂದು ಪಟ್ಟಿ ತೋರಿಸುತ್ತದೆ. ಔಷಧಿಯವರು, ಟೋಕನ್ನಿನವರು, ವಾರ್ಡಿನವರು. ಆ ಪಟ್ಟಿಯ ಕೊನೆಯಲ್ಲಿ ಎರಡನೇ ಮಹಡಿಯ ಲ್ಯಾಬಿನ ಹಳೆಯ ಪರದೆಯೊಂದರ ಸಾಲು ಇತ್ತು. ಒಳಗೆ ಬಂದು ಮೂರು ವರ್ಷ ದಾಟಿತ್ತು, ಕೀಲಿಮಣೆ ಮುಟ್ಟಿಯೂ ಹೆಚ್ಚೂಕಮ್ಮಿ ಅಷ್ಟೇ ಆಗಿತ್ತು. ಮೆಷಿನ್ ಆರಿಸಿದರೆ ಆ ಸಾಲು ಹೋಗುತ್ತದೆ. ಮತ್ತೆ ಹೊತ್ತಿಸಿದರೆ ಬರುವುದಿಲ್ಲ. ಅದನ್ನು ತರಬೇಕಾದವರು ಆ ಸಾಲಿನ ಒಡತಿ, ಅವರು ಈ ಊರಿನಲ್ಲೇ ಇಲ್ಲ.

ಅವರು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದವರು. ರಕ್ತದ ಹನಿಯನ್ನು ಗಾಜಿನ ತುಂಡಿನ ಮೇಲೆ ಸವರಿ, ಅದರಲ್ಲಿ ಕಂಡದ್ದನ್ನು ಪರದೆಯಲ್ಲಿ ಬರೆದು ಕಳಿಸುವುದು ಕೆಲಸ. ಒಂದು ದಿನ ಮೆಷಿನ್ ನಿಧಾನವಾದಾಗ, ಫೋನ್ ಎತ್ತುವ ಬದಲು ಪರದೆಯಿಂದ ಪರದೆಗೆ ಕಳಿಸುವ ಸಂದೇಶದಲ್ಲಿ, 'ಪಾತಾಳ ಎದ್ದಿದೆಯಾ?' ಎಂದು ಕೇಳಿದ್ದರು. ಪಾತಾಳ, 'ಎದ್ದಿದೆ. ಮೇಲಿನ ಲೋಕದಲ್ಲಿ ಏನು ವಿಶೇಷ?' ಎಂದು ಬರೆದಿದ್ದರು. ಆಸ್ಪತ್ರೆಯಲ್ಲಿ ಮೇಲಿನ ಲೋಕ ಎನ್ನಬಾರದು, ಜನ ಹೆದರುತ್ತಾರೆ ಎಂದು ಉತ್ತರ ಬಂದಿತ್ತು. ಮಾರನೆಯ ಬೆಳಿಗ್ಗೆ ಮೆಷಿನ್ ಸರಿಯಾಗಿಯೇ ಓಡುತ್ತಿದ್ದರೂ ಮತ್ತೆ ಅದೇ ಪ್ರಶ್ನೆ. ಆಮೇಲೆ ದಿನವೂ.

ಪರದೆಯ ಮೇಲೆ ಪಾತಾಳ ಮಾತಿನ ಮಲ್ಲ. ಚಾದರಗಳ ಉಗ್ರಾಣದ ಬೆಕ್ಕಿನ ಬಗ್ಗೆ, ಪಂಪಿನ ಗೊರಕೆಯ ಬಗ್ಗೆ, ದೊಡ್ಡ ಡಾಕ್ಟರು ಪಾಸ್‌ವರ್ಡ್ ಮರೆತಾಗೆಲ್ಲ ಕೀಲಿಮಣೆಯನ್ನು ಬದಲಾಯಿಸಿ ಎಂದು ಕೇಳುವುದರ ಬಗ್ಗೆ ಬರೆದು ಅವರನ್ನು ನಗಿಸುತ್ತಿದ್ದರು. ನಗಿಸುತ್ತಿದ್ದರು ಎಂಬುದಕ್ಕೆ ಪುರಾವೆಯಿಲ್ಲ, 'ನಕ್ಕೆ' ಎಂದು ಬರೆದು ಬರುತ್ತಿತ್ತು ಅಷ್ಟೆ. ಎದುರೆದುರು ಸಿಗುತ್ತಿದ್ದುದು ಲಿಫ್ಟಿನ ಬಾಗಿಲಲ್ಲಿ. ಅಲ್ಲಿ ಇಬ್ಬರ ಬಾಯಿಗೂ ಬೀಗ. "ಲಿಫ್ಟ್ ಇವತ್ತು ನಿಧಾನ" ಎನ್ನುತ್ತಿದ್ದರು ಇವರು. "ಹೌದು, ನಿನ್ನೆ ಪರವಾಗಿರಲಿಲ್ಲ" ಎನ್ನುತ್ತಿದ್ದರು ಅವರು. ಹೀಗೆ ಎಷ್ಟೋ ಕಾಲ ಅವರ ಸ್ನೇಹ ಲಿಫ್ಟಿನ ಹಾಗೆಯೇ ಮೇಲೆ ಕೆಳಗೆ ಓಡಾಡಿತೇ ಹೊರತು ಎಲ್ಲಿಗೂ ಹೋಗಲಿಲ್ಲ.

ಆಮೇಲೆ ಲ್ಯಾಬಿನವರ ಅಕ್ಕ ಹಾಸಿಗೆ ಹಿಡಿದರು. ಅಕ್ಕನ ಊರು ದೂರ. ಸ್ವಲ್ಪ ದಿನದ ಮಟ್ಟಿಗೆ ಹೋಗಿಬರುತ್ತೇನೆ ಎಂದು ರಜೆ ಹಾಕಿ ಹೊರಟರು. ಕೊನೆಯ ದಿನ ಬೆಳಿಗ್ಗೆ, 'ಪಾತಾಳ, ಹೋಗಿಬರ್ತೀನಿ' ಎಂಬ ಸಂದೇಶ ಬಂತು. ಪಾತಾಳ ಉತ್ತರ ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಧೈರ್ಯ ಮಾಡಿ, 'ಬೇಗ ಬನ್ನಿ. ಬಂದಮೇಲೆ ಲಿಫ್ಟಿನ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡೋಣ' ಎಂದು ಕಳಿಸುವಷ್ಟರಲ್ಲಿ ಆ ಕಡೆ ಪರದೆಯ ಸ್ವಿಚ್ ಆರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಅವರು ಹೊರಟುಹೋಗಿದ್ದರು. ಲಾಗ್‌ಔಟ್ ಮಾಡಿರಲಿಲ್ಲ. ಸಂದೇಶ ಮುಟ್ಟಿತು ಎಂದೇ ಮೆಷಿನ್ ತಿಳಿದುಕೊಂಡಿತು. ಆರಿದ ಪರದೆಯ ಮೇಲೆ ಬರೆದದ್ದು ಎಲ್ಲಿಗೂ ಮುಟ್ಟುವುದಿಲ್ಲವೆಂದು ಪಾತಾಳಕ್ಕೆ ಗೊತ್ತಿತ್ತು. ಗೊತ್ತಿದ್ದೂ, ಆ ಸಾಲು ತೆರೆದಿರುವವರೆಗೆ ತಮ್ಮ ಮಾತು ದಾರಿಯಲ್ಲಿದೆ ಎಂದೇ ಅವರ ಒಳಮನಸ್ಸಿನ ಲೆಕ್ಕ.

ರಜೆ ಮುಂದುವರಿಯಿತು. ಆಮೇಲೆ ರಾಜೀನಾಮೆ ಬಂತು. ಲ್ಯಾಬಿಗೆ ಹೊಸ ಕಂಪ್ಯೂಟರು ಬಂತು. ಪ್ಲಾಸ್ಟಿಕ್ ಹೊದ್ದ ಪರದೆ ಕಪಾಟಿನ ಹಿಂದೆ ಸರಿಯಿತು. ತಂತಿ ಕಿತ್ತುಹಾಕಿ ಎಂದು ಯಾರೂ ಹೇಳಲಿಲ್ಲ, ಪಾತಾಳ ಕೇಳಲೂ ಇಲ್ಲ.

ಹಾಗಾಗಿ ಮೇಡಂ ಗಡುವು ಕೊಟ್ಟ ಆ ವಾರ ಪಾತಾಳ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಮೆಮೊರಿ ಅಳೆಯುವ ಸಲಕರಣೆಗಳಿಗೆ ಯೂನಿಕ್ಸ್ ಲೋಕದಲ್ಲಿ ಬರವಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನೆ ಕೇಳಿದರೆ ನಾಲ್ಕು ಜನ ನಾಲ್ಕು ಹೆಸರು ಹೇಳುತ್ತಾರೆ. ಐದನೆಯವನು ಬಂದು, ಇದನ್ನು ಹಿಂದೆಯೇ ಯಾರೋ ಕೇಳಿಯಾಗಿದೆ ಎಂದು ಬಾಗಿಲು ಹಾಕುತ್ತಾನೆ. ಆ ಮುಚ್ಚಿದ ಬಾಗಿಲುಗಳ ಸಂದಿಯಲ್ಲಿ ಇಣುಕಿ ಇಣುಕಿ ಪಾತಾಳ ಕಲಿತರು.

ಮೊದಲು ತಿಳಿದದ್ದು ತಮ್ಮ ಪೆದ್ದುತನ. ಮೆಷಿನ್ನಿನ ಮೆಮೊರಿಯೆಂದರೆ ಕೆಲಸದ ಮೇಜಿದ್ದ ಹಾಗೆ. ಡಿಸ್ಕು ಹಿಂದಿನ ಉಗ್ರಾಣ. ಯೂನಿಕ್ಸಿಗೆ ಮೇಜನ್ನು ಖಾಲಿ ಬಿಡುವ ಅಭ್ಯಾಸವಿಲ್ಲ. ಒಮ್ಮೆ ಓದಿದ ಕಡತವನ್ನು ಉಗ್ರಾಣಕ್ಕೆ ಒಯ್ಯದೆ ಮೇಜಿನ ಮೂಲೆಯಲ್ಲೇ ಇಟ್ಟುಕೊಂಡಿರುತ್ತದೆ, ಯಾರಾದರೂ ಮತ್ತೆ ಕೇಳಿಯಾರು ಎಂದು. ಬೇರೆಯವರಿಗೆ ಜಾಗ ಬೇಕಾದರೆ ತಕ್ಷಣ ಸರಿಸಿ ಕೊಡುತ್ತದೆ. ಹಾಗಾಗಿ 'ಫ್ರೀ' ತೋರಿಸುವ ಖಾಲಿ ಜಾಗದ ಅಂಕಿ ಯಾವಾಗಲೂ ಚಿಕ್ಕದೇ. ನೋಡಬೇಕಾದದ್ದು ಅದರ ಪಕ್ಕದ, ಬೇಕೆಂದರೆ ಸಿಗುವ ಜಾಗದ ಅಂಕಿಯನ್ನು. ಪಾತಾಳ ತಪ್ಪು ಅಂಕಿಯನ್ನು ನಂಬಿ ಹೊರರೋಗಿಗಳನ್ನು ಹೊರಗಟ್ಟಿದ್ದರು. ಮತ್ತೆ ಕೇಳಿಯಾರು ಎಂದು ಇಟ್ಟುಕೊಳ್ಳುವುದನ್ನು ಓದಿದಾಗ ಮೆಷಿನ್ನಿನ ಮೇಲೆ ಅವರಿಗೆ ಸಣ್ಣ ಅಕ್ಕರೆ ಹುಟ್ಟಿತು. ಆದರೆ ಸರಿಯಾದ ಅಂಕಿಯೂ ಅಷ್ಟೇನೂ ದೊಡ್ಡದಿರಲಿಲ್ಲ. ಯಾರೋ ತಿನ್ನುತ್ತಿದ್ದುದು ನಿಜ.

ಮುಂದೆ 'ಟಾಪ್' ಎಂಬುದನ್ನು ತೆರೆದರು. ಅದು ದೊಡ್ಡವರನ್ನು ಮೇಲಿಟ್ಟು ಚಿಕ್ಕವರನ್ನು ಕೆಳಗೆ ತಳ್ಳುವ ಸಲಕರಣೆ, ಆಸ್ಪತ್ರೆಯ ಆಡಳಿತದ ಹಾಗೆ. ಮೇಲಿದ್ದವರೆಲ್ಲ ಅವರವರ ಅಳತೆಯಲ್ಲೇ ಇದ್ದರು. 'ವಿಎಂಸ್ಟ್ಯಾಟ್' ಎಂಬುದು ಮೇಜಿಗೂ ಉಗ್ರಾಣಕ್ಕೂ ನಡುವೆ ಸಾಮಾನು ಓಡಾಡುತ್ತಿದೆ ಎಂದಷ್ಟೇ ಹೇಳಿತು. ಕೊನೆಗೆ 'ಪಿಎಸ್' ಬಳಸಿ, ಮೆಷಿನ್ನಿನೊಳಗೆ ಓಡುತ್ತಿದ್ದ ಕೆಲಸಗಳನ್ನು ಒಬ್ಬೊಬ್ಬರನ್ನೇ ಕರೆದಂತೆ ವಿಚಾರಿಸತೊಡಗಿದರು. ಒಬ್ಬೊಬ್ಬರದೂ ಎರಡು ಅಂಕಿ. ತನಗೆ ಇಷ್ಟು ಬೇಕು ಎಂದು ಹೇಳಿಕೊಂಡದ್ದು ಒಂದು, ಮೇಜಿನ ಮೇಲೆ ನಿಜವಾಗಿ ಹಿಡಿದಿರುವ ಜಾಗ ಇನ್ನೊಂದು.

ಎದೆ ಗಟ್ಟಿ ಮಾಡಿಕೊಂಡು ಲ್ಯಾಬಿನ ಆ ಸಾಲನ್ನು ಮೊದಲು ಕೇಳಿದರು. ತಿನ್ನುತ್ತಿರುವುದು ಅದೇ ಆಗಿದ್ದರೆ ಏನು ಮಾಡುವುದು ಎಂಬ ಭಯ ಮೊದಲ ದಿನದಿಂದಲೂ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಉತ್ತರ ಬಂತು. ಹಿಡಿದ ಜಾಗ, ಹೆಚ್ಚೂಕಮ್ಮಿ ಸೊನ್ನೆ. ಬಹುಕಾಲ ಮಲಗಿದವರನ್ನು ಮೆಷಿನ್ ಸದ್ದಿಲ್ಲದೆ ಎತ್ತಿ ಉಗ್ರಾಣಕ್ಕೆ ಸಾಗಿಸಿಬಿಡುತ್ತದೆ. ಹೆಸರು ಪಟ್ಟಿಯಲ್ಲಿರುತ್ತದೆ, ಮೇಜಿನ ಮೇಲೆ ಇರುವುದಿಲ್ಲ. ಪಾತಾಳಕ್ಕೆ ನೆಮ್ಮದಿಯಾಗಬೇಕಿತ್ತು. ಆಯಿತು ಕೂಡ. ಆದರೆ ಬಹಳ ಹೊತ್ತು ಆ ಸೊನ್ನೆಯನ್ನೇ ನೋಡುತ್ತ ಕೂತರು. ಇಷ್ಟು ವರ್ಷ ಜೊತೆಯಲ್ಲಿದ್ದ ಮೆಷಿನ್ ಇಷ್ಟು ಸಲೀಸಾಗಿ ಲ್ಯಾಬಿನವರನ್ನು ಒಳಗಿಟ್ಟುಬಿಟ್ಟಿತಲ್ಲ, ತಮಗೆ ಒಂದು ಮಾತೂ ಹೇಳದೆ.

ಶುಕ್ರವಾರ ಮಧ್ಯಾಹ್ನ ಬೇಕಾದ ಸಲಕರಣೆ ಸಿಕ್ಕಿತು. ಒಂದೇ ಹೆಸರಿನ ಕೆಲಸಗಳನ್ನೆಲ್ಲ ಒಟ್ಟು ಹಾಕಿ ಕೂಡಿಸಿ ತೋರಿಸುವಂಥದ್ದು. ಓಡಿಸಿದರು. ಮೊದಲ ಸ್ಥಾನದಲ್ಲಿ ಔಷಧಿಯವರಿರಲಿಲ್ಲ, ಟೋಕನ್ನಿನವರಿರಲಿಲ್ಲ. 'ಕಾಯಿ' ಎಂಬ ಹೆಸರಿತ್ತು. ಬಿಡಿಸಿ ನೋಡಿದರೆ ಪರದೆಯ ತುಂಬ ಕಾಯಿ, ಕಾಯಿ, ಕಾಯಿ. ಉರುಳಿಸಿದಷ್ಟೂ ಕಾಯಿ. ಎಲ್ಲದರ ಮುಂದೆ ಒಡೆಯನ ಹೆಸರು, ಸಂಬಳದ ಚೀಟಿಯಲ್ಲಿರುವ ಅವರದೇ ಹೆಸರು.

ಆಗ ನೆನಪಾಯಿತು. ಲ್ಯಾಬಿನವರು ರಜೆಯ ಮೇಲೆ ಹೋದ ವಾರ ಪಾತಾಳ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದರು. ಲ್ಯಾಬಿನ ಆ ಕೀಲಿಮಣೆಯನ್ನು ಯಾರಾದರೂ ಮುಟ್ಟಿದರೇ ಎಂದು ನಿಮಿಷ ನಿಮಿಷಕ್ಕೂ ನೋಡುವುದು, ಮುಟ್ಟಿದ ಕೂಡಲೇ ಪಾತಾಳದಲ್ಲಿ ಒಂದು ಗಂಟೆ ಬಾರಿಸುವುದು. ಬಾರಿಸಿದ ಮೇಲೆ ತನ್ನ ಪಾಡಿಗೆ ಮುಗಿಯುವುದು. ಹೆಸರು 'ಕಾಯಿ', ಕಾಯುತ್ತಿರು ಎಂಬ ಅರ್ಥದಲ್ಲಿ. ಪ್ರತಿ ಬೆಳಿಗ್ಗೆ ಲ್ಯಾಬ್ ತೆರೆಯುವ ಹೊತ್ತಿಗೆ ಒಂದು ತಾನಾಗಿಯೇ ಶುರುವಾಗುವಂತೆ ಮಾಡಿದ್ದರು. ಬಂದರೆ ಮುಗಿಸು ಎಂದು ಬರೆದಿದ್ದರು. ಬರದಿದ್ದರೆ ಏನು ಎಂಬುದನ್ನು ಬರೆಯಲೇ ಇಲ್ಲ. ಆ ಸಾಲು ಬರೆಯಬೇಕೆಂದು ಆಗ ಹೊಳೆಯಲೂ ಇಲ್ಲ, ಸ್ವಲ್ಪ ದಿನದ ಮಾತಾಗಿತ್ತಲ್ಲ.

ಹೀಗಾಗಿ ಮೊದಲ ದಿನದ ಕಾಯಿ ಇನ್ನೂ ಕಾಯುತ್ತಿತ್ತು. ಎರಡನೇ ದಿನದ್ದೂ. ಮೂರು ವರ್ಷದ ಒಂದೊಂದು ಬೆಳಗೂ ಒಂದೊಂದು ಕಾಯಿಯಾಗಿ ಅಲ್ಲೇ ನಿಂತಿತ್ತು, ಒಂದೂ ಹಣ್ಣಾಗಿರಲಿಲ್ಲ. ಮಲಗಿದ್ದವರನ್ನಾದರೆ ಮೆಷಿನ್ ಉಗ್ರಾಣಕ್ಕೆ ಸಾಗಿಸಬಹುದಿತ್ತು. ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು ಬಂದರೇ ಬಂದರೇ ಎಂದು ಕೇಳುವವರನ್ನು ಎಲ್ಲಿಗೆ ಸಾಗಿಸುತ್ತದೆ? ಒಂದೊಂದು ಹಿಡಿದದ್ದು ಬೊಗಸೆಯಷ್ಟು ಜಾಗ, ಎಲ್ಲ ಸೇರಿ ಮೇಜಿನ ಬಹುಪಾಲು. ಹೋದವರು ಏನೂ ತಿನ್ನುತ್ತಿರಲಿಲ್ಲ. ಕಾಯುವವರೇ ಎಲ್ಲ ತಿಂದು ಹಾಕಿದ್ದರು.

ಮನೆಯಲ್ಲಿ ತಂಗಿಗೆ ಹೇಳಬೇಕಾಯಿತು. ಮುಚ್ಚಿಟ್ಟರೆ ಊಟದ ತಟ್ಟೆಯ ಮುಂದೆಯೇ ಬಾಯಿ ಬಿಡಿಸುವ ಸಾಮರ್ಥ್ಯ ಅವಳಿಗಿತ್ತು. ಅವಳು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕತ್ತರಿ ಅವಳ ಕೈಯಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ನಾಲಿಗೆಯಲ್ಲಿ ಇರುತ್ತಿತ್ತು. ಪಾತಾಳ ಮೆಮೊರಿ, ಮೇಜು, ಉಗ್ರಾಣ ಎಂದು ಸುತ್ತಿ ಬಳಸಿ ಹೇಳಿದರು. ಅವಳು ಗುಂಡಿ ಹೊಲಿಯುತ್ತ ಎಲ್ಲ ಕೇಳಿದಳು. ಆಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು, ಮೂಲೆಯ ಕಪಾಟನ್ನು ತೋರಿಸಿದಳು. ಅಳತೆ ಕೊಟ್ಟು ಹೊಲಿಸಿ, ಮತ್ತೆ ಈ ಕಡೆ ತಲೆ ಹಾಕದವರ ಬಟ್ಟೆಗಳು ಅಲ್ಲಿ ಮಡಚಿ ಕೂತಿದ್ದವು.

"ಇವರ್ಯಾರೂ ಬರಲ್ಲ ಅಂತ ನಂಗೂ ಗೊತ್ತು, ಅಣ್ಣ. ಆದ್ರೂ ಇಟ್ಕೊಂಡಿದೀನಿ. ನೋಡು, ಒಬ್ಬೊಬ್ಬರದು ಒಂದೊಂದು ಗಂಟು. ಬರಲಿಲ್ಲ ಅಂತ ದಿನಾ ಬೆಳಿಗ್ಗೆ ಎದ್ದು ಅದೇ ಅಳತೆಗೆ ಇನ್ನೊಂದು ಹೊಲೀತಾ ಕೂತಿಲ್ಲ."

ಪಾತಾಳ ಕಪಾಟಿನ ಗಂಟುಗಳನ್ನು ಎಣಿಸತೊಡಗಿದರು.

"ಕಾಯ್ಬೇಡ ಅಂದ್ನಾ ನಾನು?" ಎಂದಳು ಸ್ವಲ್ಪ ಮೆತ್ತಗೆ. "ಒಬ್ಬರಿಗೆ ಒಂದು ಸಾಕು ಅಂದೆ."

ಮತ್ತೆ ಗುಂಡಿಯತ್ತ ಬಗ್ಗಿದವಳು, ಫೋನಾದರೂ ಮಾಡಬಹುದಿತ್ತಲ್ಲ ಎಂದಳು. ಏನೆಂದು ಮಾಡುವುದು ಎಂದು ಇವರು ಕೇಳಿದರು. ಲಿಫ್ಟ್ ರಿಪೇರಿಯಾಗಿದೆ ಅಂತ ಹೇಳು ಎಂದಳು ತಂಗಿ, ನಗದೆ.

ಶನಿವಾರ ಬೆಳಿಗ್ಗೆ ಪಾತಾಳ ಸ್ವೆಟರ್ ಹಾಕಿಕೊಂಡು ಕೂತರು. ಯೂನಿಕ್ಸಿನಲ್ಲಿ ಒಂದು ಕೆಲಸವನ್ನು ನಿಲ್ಲಿಸುವ ಆದೇಶಕ್ಕೆ 'ಕಿಲ್' ಎಂದು ಹೆಸರು. ಇಂಥ ಕಟುಕ ಹೆಸರಿಟ್ಟವರಿಗೆ ಯಾರಿಗೂ ಕಾದು ಗೊತ್ತಿರಲಿಕ್ಕಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ದಾರಿಯಿತ್ತು. ಪಾತಾಳ ಒಂದೊಂದು ತಿಂಗಳ ಕಾಯಿಗಳನ್ನು ಒಂದೊಂದು ಕಂತಾಗಿ ಮುಗಿಸಿದರು. ಲ್ಯಾಬಿನವರ ರಜೆ ಮುಂದುವರಿದ ತಿಂಗಳು, ರಾಜೀನಾಮೆಯ ಸುದ್ದಿ ಬಂದ ತಿಂಗಳು, ಹೊಸ ಕಂಪ್ಯೂಟರು ಬಂದ ತಿಂಗಳು. ಒಂದೊಂದು ಕಂತು ಹೋದಾಗಲೂ ಸಿಗುವ ಜಾಗದ ಅಂಕಿ ಏರಿತು. ಮೆಷಿನ್ನಿನ ಉಸಿರಾಟ ಹಗುರಾಯಿತು. ಮೇಲಿನಿಂದ ಟೋಕನ್ನಿನವರು ಫೋನ್ ಮಾಡಿ, ಏನು ಮಾಡಿದಿರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಓಡುತ್ತಿದೆ ಎಂದರು.

ಕೊನೆಗೆ ಮೊದಲ ದಿನದ ಕಾಯಿಯೊಂದು ಉಳಿಯಿತು. ಅದನ್ನು ಪಾತಾಳ ಮುಟ್ಟಲಿಲ್ಲ. ದಿನವೂ ಹೊಸದು ಹುಟ್ಟದಂತೆ ಮಾತ್ರ ಬಂದೋಬಸ್ತು ಮಾಡಿದರು.

ಮೇಡಂಗೆ ಹೋಗಿ, ಹಳೆಯ ಕಾವಲು ಕೆಲಸಗಳು ನಿಲ್ಲದೆ ಉಳಿದುಬಿಟ್ಟಿದ್ದವು, ತಪ್ಪು ತಮ್ಮದೇ, ಈಗ ತೆಗೆದಾಯಿತು, ಮೆಷಿನ್ ಆರಿಸುವ ಅಗತ್ಯವಿಲ್ಲ ಎಂದು ವರದಿ ಒಪ್ಪಿಸಿದರು. ಏನನ್ನು ಕಾಯುತ್ತಿದ್ದವು ಎಂದು ಮೇಡಂ ಕೇಳಿದರು. ಲ್ಯಾಬಿನ ಒಂದು ತಂತಿಯನ್ನು ಎಂದರು ಪಾತಾಳ. ಮೇಡಂ ಕನ್ನಡಕ ಹಾಕಿಕೊಂಡರು, ಅಂದರೆ ಹೋಗಬಹುದು ಎಂದರ್ಥ.

ಕೆಳಗಿಳಿದು ಬಂದಾಗ ಫೋನ್ ಹೊಡೆದುಕೊಳ್ಳುತ್ತಿತ್ತು. ಟೋಕನ್ನಿನವರೇ ಇರಬೇಕೆಂದು ಎತ್ತಿದರು.

"ಪಾತಾಳ ಎದ್ದಿದೆಯಾ?"

ಕುರ್ಚಿ ಹತ್ತಿರದಲ್ಲೇ ಇದ್ದದ್ದು ಒಳ್ಳೆಯದಾಯಿತು. ಲ್ಯಾಬಿನವರಿಗೆ ಯಾರೋ ಫೋಟೋ ಕಳಿಸಿದ್ದರಂತೆ. ಕೈಯಿಂದ ಕೈಗೆ ದಾಟುತ್ತ ಟೋಕನ್ ಫಲಕದ ಆ ಕೆಂಪಕ್ಷರಗಳು ಅಷ್ಟು ದೂರದ ಅಕ್ಕನ ಮನೆಗೂ ಹೋಗಿ ಮುಟ್ಟಿದ್ದವು. ಇಂತಿ ಪಾತಾಳ ಎಂದು ಓದಿದ ಮೇಲೆ ನಗು ತಡೆಯಲಾಗಲಿಲ್ಲ, ಅಕ್ಕ ಕೂಡ ಬಹಳ ದಿನದ ಮೇಲೆ ನಕ್ಕಳು ಎಂದರು. ಧ್ವನಿ ಲಿಫ್ಟಿನ ಬಾಗಿಲಲ್ಲಿ ಕೇಳಿದ್ದಕ್ಕಿಂತ ತೆಳ್ಳಗಿತ್ತು. ಪಾತಾಳ ಅಕ್ಕನ ಆರೋಗ್ಯ ವಿಚಾರಿಸಿದರು. ಹಾಗೇ ಇದೆ ಎಂದರು ಅವರು. ಚಾದರದ ಉಗ್ರಾಣದ ಬೆಕ್ಕು ಇದೆಯೇ ಎಂದು ಕೇಳಿದರು. ಅದರ ಮರಿ ಇದೆ ಎಂದರು ಇವರು. ಅಷ್ಟರಲ್ಲಿ ಲಿಫ್ಟಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ಪಾತಾಳ ನುಂಗಿಕೊಂಡರು.

"ನನ್ನ ಹಳೇ ಲಾಗಿನ್ ತೆಗೆದುಹಾಕಿ ಎಷ್ಟೋ ಕಾಲ ಆಗಿರ್ಬೇಕು, ಅಲ್ವಾ?" ಎಂದರು ಅವರು.

"ಇಲ್ಲ. ಇದೆ."

"ಇದೆ ಅಂದ್ರೆ?"

"ನೀವು ಬಿಟ್ಟು ಹೋದ ಹಾಗೇ ಇದೆ. ತೆರೆದೇ ಇದೆ."

ಆ ಕಡೆ ಎಲ್ಲೋ ಪಾತ್ರೆ ಇಟ್ಟ ಸದ್ದು, ಯಾರೋ ಸಣ್ಣಗೆ ಕೆಮ್ಮಿದ್ದು ಕೇಳಿಸಿತು. ಈ ಕಡೆ ಗಾಳಿಯ ಗುಂಯ್‌ಗಾಟ.

"ಯಾಕೆ?" ಎಂದರು ಅವರು, ಬಹಳ ಮೆಲ್ಲಗೆ. "ಯಾಕೆ ಮುಚ್ಚಲಿಲ್ಲ?"

ಪಾತಾಳ ಪರದೆಯ ಕಡೆ ನೋಡಿದರು. ಆ ಸಾಲು ಅಲ್ಲೇ ಇತ್ತು, ಅದರ ಮುಂದಿನ ಸೊನ್ನೆಯೂ.

"ಅದು ಜಾಗ ಏನೂ ತಿಂತಿರಲಿಲ್ಲ" ಎಂದರು.